ಗೋಕಾಕದಲ್ಲಿ ಹುಟ್ಟಿದ ಸಿಗಡಿಗಳು

ಕಳೆದ ದೀಪಾವಳಿಯ ಮುಂದೆ ಗೋಕಾಕಕ್ಕೆ ಹೋಗಿದ್ದೆ. ಪೇಟೆಯ ಕಿರಾಣಿ ಅಂಗಡಿಯೊಂದರ ಎದುರು ಲಾರಿಯಿಂದ ಹರಳುಪ್ಪಿನ ಚೀಲಗಳನ್ನು ಇಳಿಸುತ್ತಿದ್ದರು. ಹಿಂದಿನ ದಿನದ ಅಡ್ಡಮಳೆಗೆ ಚೀಲಗಳು ತೊಯ್ದು ಅಡಿಯಿಂದ ಕಂದು ನೀರು ಒಸರುತ್ತಿತ್ತು. ಹಸಿ ಗೋಣಿಯ, ಕಡಲಿನ, ತುಸು ಕೊಳೆತ ಪಾಚಿಯ ಆ ವಾಸನೆ ಮೂಗಿಗೆ ಬಂದದ್ದೇ ನಾನು ನಿಂತುಬಿಟ್ಟೆ. ಜೊತೆಗಿದ್ದ ತಮ್ಮನ ಮಗಳು, "ಅತ್ತೀ, ಏನಾತು?" ಎಂದಳು. "ನಮ್ಮ ಮನೀ ವಾಸನಿ," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆಗುವುದಾದರೂ ಹೇಗೆ? ಗೋಕಾಕಕ್ಕೂ ಕಡಲಿಗೂ ನಡುವೆ ಇಡೀ ಘಟ್ಟ ಅಡ್ಡವಿದೆ.

ಒಂದು ಚಳಿಗಾಲ ಪೂರ್ತಿ ಗೋಕಾಕದ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ಸಮುದ್ರವಿತ್ತು. ನಂಬುವುದು ಕಷ್ಟ ಎಂದು ನನಗೂ ಗೊತ್ತು. ಪ್ರಾಣಿಶಾಸ್ತ್ರ ಓದಿದವಳಿಗೆ ನೆನಪು ಪುರಾವೆಯಲ್ಲ. ಆಗ ದಿನಚರಿ ಬರೆಯುತ್ತಿದ್ದೆ, ಈಗಲೂ ಬರೆಯುತ್ತೇನೆ. ಆದರೆ ಆ ವರ್ಷದ ಪುಟಗಳಲ್ಲಿರುವುದು ನೀರಿನ ಉಪ್ಪು, ಹವೆಯ ಬಿಸಿ, ಯಾವುದಕ್ಕೆ ಏನು ಉಣಿಸಿದೆ ಎಂಬ ಒಣ ಸಾಲುಗಳು. ಜನರಾಡಿದ ಮಾತು ಒಂದೂ ಇಲ್ಲ. ಮಾತೆಲ್ಲ ತಲೆಯಲ್ಲಿದೆ, ಮತ್ತು ತಲೆ ಅದನ್ನು ಎಷ್ಟು ಸಲ ತೊಳೆದು ಹಿಂಡಿ ಒಣಹಾಕಿದೆಯೋ ತಿಳಿಯದು. ಇಷ್ಟು ಎಚ್ಚರಿಕೆ ಹೇಳಿ ಮುಂದುವರಿಯುತ್ತೇನೆ.

ಹಳೆಯ ದುಡ್ಡು, ಹೊಸ ಪೈಸೆ ಎರಡೂ ಕೈಯಿಂದ ಕೈಗೆ ಓಡಾಡುತ್ತಿದ್ದ ಕಾಲ ಅದು. ಧಾರವಾಡದಲ್ಲಿ ಪದವಿ ಮುಗಿಸಿ ಗೋಕಾಕದ ಹೆಣ್ಣುಮಕ್ಕಳ ಹೈಸ್ಕೂಲಿಗೆ ವಿಜ್ಞಾನದ ಶಿಕ್ಷಕಿಯಾಗಿ ಬಂದಿದ್ದೆ. ನಮ್ಮದು ಮೂಡಲಗಿಯ ಕಡೆಯ ಕುರಿ ಕಾಯುವ ಮನೆತನ. ಅಪ್ಪ ಹಿಂಡಿನ ಜೊತೆ ಊರೂರು ತಿರುಗುತ್ತಿದ್ದ. ಮದುವೆಯಾಗದ ಮಗಳು ಪರಸ್ಥಳದಲ್ಲಿ ಒಬ್ಬಳೇ ಇರುವುದು ಬೇಡವೆಂದು ಅವ್ವ ನನ್ನ ಜೊತೆ ಬಂದು ನಿಂತಿದ್ದಳು.

ಆ ಶಾಲೆಯಲ್ಲಿ ವಿಜ್ಞಾನವೆಂದರೆ ಆರೋಗ್ಯದ ನಿಯಮಗಳು, ಪ್ರಥಮ ಚಿಕಿತ್ಸೆ ಮತ್ತು ಅಡುಗೆ. ಜೀವಶಾಸ್ತ್ರ ಇರಲಿಲ್ಲ. ಒಂಬತ್ತನೆಯ ತರಗತಿಯ ಕಮಲಾ ಎಂಬ ಹುಡುಗಿ ಡಾಕ್ಟರಾಗಬೇಕೆಂದು ಹಟ ಹಿಡಿದಿದ್ದಳು. ಗಂಡುಮಕ್ಕಳ ಶಾಲೆಯಲ್ಲಿ ಆ ವಿಷಯವಿತ್ತು, ಆದರೆ ಅಲ್ಲಿಗೆ ಅವಳನ್ನು ಕಳಿಸಲು ಅವಳ ಅಪ್ಪ ಸಿದ್ಧನಿರಲಿಲ್ಲ. ನಮ್ಮಲ್ಲಿ ತರಗತಿ ತೆರೆದರೆ ಕಮಲಾಗೆ ದಾರಿ, ಇಲ್ಲವಾದರೆ ಇಲ್ಲ. ಆಡಳಿತ ಮಂಡಳಿಯ ಅಧ್ಯಕ್ಷರನ್ನು ಕೇಳಲು ಅವರ ಹತ್ತಿ ಅಂಗಡಿಗೆ ಹೋದೆ. ಶಂಕರೆಪ್ಪನವರು ಗಾದಿಯ ಮೇಲೆ ಲೋಡಿಗೆ ಒರಗಿ ಕೂತಿದ್ದರು.

"ಅಕ್ಕೋರ, ಹುಡಿಗ್ಯಾರ ಕೈಯಾಗ ಚಾಕು ಕೊಟ್ಟು ಕಪ್ಪಿ ಕೊಯ್ಯಸ್ತೀರಿ. ನಾಳೆ ಅವರ ಅವ್ವ ಅಪ್ಪ ನಮ್ಮ ಅಂಗಡಿ ಮುಂದ ಬಂದು ನಿಂದರತಾರ. ಅವರಿಗೆ ನಾ ಏನ್ ಹೇಳ್ಲಿ?"

"ಕೊಯ್ಯಲಾರದನೂ ಕಲಿಸಾಕ ಬರತೈತ್ರಿ."

"ಹೆಂಗ?"

"ಹುಟ್ಟೋದನ್ನ ತೋರಿಸಿ."

"ಹುಟ್ಟೋದು ಎಲ್ಲಾರ ಮನ್ಯಾಗೂ ನಡದೈತಿ. ಅದಕ್ಕ ಸಾಲಿ ಯಾಕ ಬೇಕು?"

ಕಡಲಿನಲ್ಲಿ ಅರ್ಚಿನ್ ಎಂಬ ಮುಳ್ಳುಚೆಂಡಿನಂಥ ಜೀವಿಯಿದೆ, ಅದರ ತತ್ತಿ ಗಾಜಿನಷ್ಟು ತಿಳಿ, ಅದು ಒಡೆದು ಎರಡಾಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬಹುದು, ಹೊಟ್ಟೆಯಡಿ ತತ್ತಿ ಹೊತ್ತು ತಿರುಗುವ ಸಿಗಡಿಗಳಿವೆ, ಯಾವುದನ್ನೂ ಕೊಲ್ಲಬೇಕಾಗಿಲ್ಲ ಎಂದೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ, "ಗೋಕಾಕದಾಗ ಸಮುದ್ರ ಎಲ್ಲೈತ್ರಿ?" ಎಂದರು.

"ತರತೀನ್ರಿ."

"ತಂದು ತೋರಿಸಿದ್ರ ಅದು ಗಾರುಡಿಗ್ಯಾನ ಆಟ ಆತು. ಇಲ್ಲೇ ಹುಟ್ಟಿ ಇಲ್ಲೇ ಬೆಳದದ್ದನ್ನ ತೋರಸ್ರಿ. ಹೋಳಿ ಹುಣ್ಣಿವಿಗೆ ಕಮಿಟಿ ಕೂಡತೈತಿ. ಆಗ ನೋಡಿ, ಖರೆ ಅನಸಿದ್ರ ಜೂನ್‌ಕ್ಕ ಕ್ಲಾಸ್ ಕೊಡೋಣು. ಇಲ್ಲಂದ್ರ ಸಾಲ್ಯಾಗ ಖಾಲಿ ಇರೋ ಖೋಲಿಗೆ ಹೊಲಿಗಿ ಮಶೀನ್ ತರಸ್ತೀವಿ."

ನಾನು ನಿಜವಾಗಿಯೂ ಇಷ್ಟು ಚುರುಕಾಗಿ ಉತ್ತರ ಕೊಟ್ಟೆನೆ? ಅನುಮಾನವಿದೆ. "ತರತೀನ್ರಿ" ಎಂದದ್ದು ಮಾತ್ರ ಖಂಡಿತ, ಏಕೆಂದರೆ ಅಂಗಡಿಯ ಮೆಟ್ಟಿಲಿಳಿಯುತ್ತಲೇ ಕಡಲು ಎಷ್ಟು ದೂರವೆಂದು ಲೆಕ್ಕ ಹಾಕಿದ್ದು ನೆನಪಿದೆ. ಕಡಲ ಜೀವಿಗಳನ್ನು ಕರಾವಳಿಯಿಂದ ದೂರ ಒಯ್ದು ಸಾಕುವುದು ಬಹಳ ಕಷ್ಟ, ಮರಿ ಮಾಡಿಸುವುದಂತೂ ಆಗದ ಮಾತು ಎಂದು ಧಾರವಾಡದ ನಮ್ಮ ಪ್ರಾಧ್ಯಾಪಕರೇ ಪಾಠದಲ್ಲಿ ಹೇಳಿದ್ದರು.

ನನಗೆ ಇದ್ದ ಒಂದೇ ಧೈರ್ಯ ಹುಕ್ಕೇರಿಯ ಸಿದ್ದಪ್ಪ ಮಾಮಾ. ಅವ್ವನ ತಮ್ಮ. ಉಪ್ಪಿನ ಲಾರಿ ಓಡಿಸುತ್ತಿದ್ದ. ಅಂಕೋಲೆಯ ಕಡೆಯಿಂದ ಉಪ್ಪು ಹೇರಿಕೊಂಡು ಘಟ್ಟ ಹತ್ತಿ ಹುಕ್ಕೇರಿ, ಗೋಕಾಕ, ಮೂಡಲಗಿಯ ಅಂಗಡಿಗಳಿಗೆ ಹಾಕಿ ಹೋಗುತ್ತಿದ್ದ. ಉಪ್ಪು ತರುವವನು ನೀರು ತರಲಾರನೆ? ಆಸಿಡ್ ತುಂಬಿ ಬರುವ ದಪ್ಪ ಗಾಜಿನ ದೊಡ್ಡ ಸೀಸೆಗಳನ್ನು ಹೊಂದಿಸಿ, ವಾರವಿಡೀ ತೊಳೆದು, ಬಿದಿರು ಬುಟ್ಟಿಯಲ್ಲಿ ಜೋಳದ ಕಣಿಕಿ ತುರುಕಿ ಕೂಡಿಸಿ ಕೊಟ್ಟೆ. ಮಳೆಗಾಲ ಮುಗಿದು ಕಡಲು ತಿಳಿಯಾದ ಮೇಲೆ, ದೀಪಾವಳಿಯ ಹೊತ್ತಿಗೆ ಮೊದಲ ನೀರು ಬಂತು. ಬರುವ ದಾರಿಯಲ್ಲಿ ದಾರೂಬಂದಿಯ, ಅಂದರೆ ಪಾನನಿಷೇಧದ, ನಾಕಾದಲ್ಲಿ ಪೊಲೀಸನೊಬ್ಬ ಲಾರಿ ತಡೆದಿದ್ದನಂತೆ. ಮಾಮಾ ಅದನ್ನು ಅಂಗಳದಲ್ಲೇ ನಿಂತು ಅಭಿನಯಿಸಿ ತೋರಿಸಿದ.

"'ಸೀಸೇದಾಗ ಏನೈತಿ?' ಅಂದಾ. 'ಸಮುದ್ರ ಐತ್ರಿ ಸಾಹೇಬ್ರ' ಅಂದ್ನಿ. 'ಮಗನ, ನನ್ನ ಚಾಷ್ಟಿ ಮಾಡತೀಯೇನು' ಅಂದು ಬಿರಡಿ ತಗದು ಒಂದ್ ಗುಟುಕ ಎತ್ತಿದಾ ನೋಡವ್ವಾ. ಮಾರಿ ಹಿಂಗಾತು."

"ಹೊಡೀಲಿಲ್ಲಾ ನಿನಗ?" ಎಂದಳು ಅವ್ವ.

"ಉಗುಳಾಕ ಪುರಸೊತ್ತ ಇದ್ರ ಹೊಡ್ಯಾಂವಾ."

ತೊಟ್ಟಿಯನ್ನು ಗೊಂಬೆ ಮಾಡುವ ಬಡಿಗರೊಬ್ಬರಿಂದ ಸಾಗುವಾನಿ ಹಲಗೆಯಲ್ಲಿ ಮಾಡಿಸಿದ್ದೆ. ಎದುರಿಗೆ ಕಿಟಕಿಯ ಗಾಜು, ಸಂದಿಗೆ ರಾಳ. ಕಬ್ಬಿಣದ ಮೊಳೆ ಒಂದೂ ನೀರಿಗೆ ತಾಗಬಾರದು ಎಂದದ್ದಕ್ಕೆ ಅವರು ಮರದ ಗೂಟಗಳನ್ನೇ ಹೊಡೆದು ಬಿಗಿದಿದ್ದರು. ನೀರು ಆವಿಯಾದರೂ ಉಪ್ಪು ಆವಿಯಾಗುವುದಿಲ್ಲ. ಹೀಗಾಗಿ ದಿನವೂ ಇಂಗಿದಷ್ಟನ್ನು ಹಿಡಿದಿಟ್ಟ ಮಳೆನೀರಿನಿಂದ ತುಂಬಬೇಕಿತ್ತು. ಉಪ್ಪು ಎಷ್ಟಿದೆಯೆಂದು ಅಳೆಯಲು ಉಪಕರಣ ಇರಲಿಲ್ಲ. ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ನೋಡುವ ಲ್ಯಾಕ್ಟೋಮೀಟರನ್ನು ಪರಿಚಯದ ಹೋಟೆಲಿನವರಿಂದ ಕಡ ತಂದೆ. ಕಡಲಿನ ನೀರಿನ ತೂಕವೂ ಹಾಲಿನ ತೂಕವೂ ಬಹಳ ಹತ್ತಿರ. ಗಾಜಿನ ಕೊಳವೆ ನೀರಿನಲ್ಲಿ ತೇಲಿ, ಹಾಲಿನ ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ ನಿಂತಿತು. ಅಂದಿನಿಂದ ಹೋಟೆಲಿನವರು ನನ್ನನ್ನು ಕಂಡಾಗಲೆಲ್ಲ, "ಅಕ್ಕೋರ, ನಮ್ಮ ಗೌಳಿಗ್ಯಾನ ಹಾಲಿಗಿಂತ ನಿಮ್ಮ ಸಮುದ್ರಾನ ಗಟ್ಟಿ ಬಿಡ್ರಿ," ಎನ್ನುತ್ತಿದ್ದರು.

ನೀರಿಗೆ ಗಾಳಿ ಬೇಕಿತ್ತು. ಮಾಮಾ ಹಳೆಯ ಲಾರಿ ಟ್ಯೂಬೊಂದನ್ನು ತಂದು ತೊಲೆಗೆ ತೂಗುಹಾಕಿದ. ಅದರ ಬಾಯಿಗೆ ಸೈಕಲ್ಲಿನ ಸಣ್ಣ ರಬ್ಬರ್ ನಳಿಕೆ ಸಿಕ್ಕಿಸಿ, ತುದಿಗೆ ಬೆತ್ತದ ತುಂಡು ಚುಚ್ಚಿ ನೀರಿಗೆ ಇಳಿಬಿಟ್ಟೆವು. ಬೆತ್ತದ ರಂಧ್ರಗಳಿಂದ ಸಾಸಿವೆಯಂಥ ಗುಳ್ಳೆಗಳು ಏಳುತ್ತಿದ್ದವು. ಮುಂಜಾನೆ ಸಂಜೆ ಟ್ಯೂಬಿಗೆ ಗಾಳಿ ಹೊಡೆಯುವ ಕೆಲಸ ಕಮಲಾ ಮತ್ತು ಅವಳ ಗೆಳತಿಯರದು. ಸೈಕಲ್ ಪಂಪು ಹಿಡಿದು, ಸೆರಗು ಸೊಂಟಕ್ಕೆ ಬಿಗಿದು ಅವರು ಪಾಳಿ ಹಾಕಿಕೊಂಡಿದ್ದರು. ನಮ್ಮ ಮನೆಯ ಮುಂದೆ ಹಾದುಹೋಗುವವರು, ಇಲ್ಲಿ ಪಂಕ್ಚರ್ ಹಚ್ಚುತ್ತಾರೇನು ಎಂದು ಕೇಳಿದ್ದೂ ಇದೆ.

ಮುಂದಿನ ಸರತಿಯಲ್ಲಿ ಜೀವಿಗಳು ಬಂದವು. ಬಂಡೆಗಳ ನಡುವಿನ ಹೊಂಡದಿಂದ ಮೀನುಗಾರರ ಹೆಂಗಸರು ಹಿಡಿದುಕೊಟ್ಟ ಸಣ್ಣ ಸಿಗಡಿಗಳು, ಮತ್ತು ಕಪ್ಪು ನೇರಳೆ ಬಣ್ಣದ ಅರ್ಚಿನ್‌ಗಳು. ಅವ್ವ ಅರ್ಚಿನ್‌ಗಳನ್ನು ಬಹಳ ಹೊತ್ತು ನೋಡಿದಳು.

"ಇದೇನ ನೆಗ್ಗಿನಮುಳ್ಳಿನ ಮುತ್ತ್ಯಾ ಇದ್ದಂಗ ಐತಿ. ಬಾಯಿ ಎಲ್ಲೈತ್ಯವ್ವಾ ಇದಕ್ಕ?"

"ಕೆಳಗ."

"ಮತ್ತ ಮಾರಿ?"

"ಮಾರೀನ ಇಲ್ಲ."

"ಪುಣ್ಯೇದ ಪ್ರಾಣಿ," ಎಂದಳು.

ಸಿಗಡಿಗಳ ವಿಷಯದಲ್ಲಿ ಅವಳಿಗೆ ಗೌರವ ಕಡಿಮೆ. "ಸಂತ್ಯಾಗ ಒಣಾ ಸಿಗಡಿ ಸೇರಿನ ಲೆಕ್ಕಲೆ ಮಾರತಾರ. ಇಕಿ ಒಂದೊಂದಕ್ಕ ದೃಷ್ಟಿ ತಗದು ಸಾಕತಾಳ," ಎಂದು ನೆರೆಯವರಿಗೆ ಹೇಳುತ್ತಿದ್ದಳು. ಆದರೆ ಹಸಿ ಸಿಗಡಿಯನ್ನು ಅವಳು ನೋಡಿರಲಿಲ್ಲ. ನಾನೂ ಅಷ್ಟು ಹತ್ತಿರದಿಂದ ನೋಡಿದ್ದು ಆಗಲೇ. ಅವು ನೀರಿನಷ್ಟೇ ಪಾರದರ್ಶಕ. ನಿಂತಾಗ ಕಾಣುವುದಿಲ್ಲ, ನಡೆದಾಗ ಮೈಮೇಲಿನ ಗೆರೆಗಳಷ್ಟೇ ನಡೆಯುತ್ತವೆ. ಬಿಸಿಲು ಬಿದ್ದರೆ ಒಳಗೆ ಗುಂಡಿಗೆ ಬಡಿಯುವುದು ಕಾಣುತ್ತದೆ. ಕೊಯ್ಯದೆ ಗುಂಡಿಗೆ ನೋಡಬಹುದೆಂದು ಕಮಲಾಗೆ ತೋರಿಸಿದ ದಿನ ಅವಳು ಊಟಕ್ಕೂ ಮನೆಗೆ ಹೋಗಲಿಲ್ಲ. ಅರ್ಚಿನ್‌ಗಳು ಗಾಜಿನ ಮೇಲಿನ ಪಾಚಿ ಕೆರೆಯುತ್ತ ತೆವಳುತ್ತಿದ್ದವು. ಬಿಸಿನೀರಲ್ಲಿ ಬಾಡಿಸಿದ ರಾಜಗಿರಿ ಸೊಪ್ಪು ಹಾಕಿದರೆ ಮುಳ್ಳಿನಿಂದ ಮುಳ್ಳಿಗೆ ದಾಟಿಸಿ ಬಾಯಿಗೆ ಒಯ್ಯುತ್ತಿದ್ದವು. ಸುತ್ತಲಿನ ಗಾಣಗಳಿಂದ ಬೆಲ್ಲದ ಹೊಗೆ ಬರುವ, ಬೆಳಿಗ್ಗೆ ಮಂಜು ಕವಿಯುವ ದಿನಗಳು. ನೀರು ತಂಪಾಗಿತ್ತು. ಎಲ್ಲ ಬದುಕಿದವು.

ಮಾರ್ಗಶಿರದ ಕೊನೆಗೆ ಒಂದು ಸಿಗಡಿಯ ಹೊಟ್ಟೆಯಡಿ ಹಸಿರು ತತ್ತಿಗಳ ಗೊಂಚಲು ಕಂಡಿತು. ಅದನ್ನು ಮೊದಲು ಕಂಡವರು ಯಾರು ಎಂಬುದರ ಮೇಲೆ ಇಂದಿಗೂ ತಕರಾರಿದೆ. ನಾನು ಎಂದು ನನ್ನ ನೆನಪು. ಈಗ ಹುಬ್ಬಳ್ಳಿಯಲ್ಲಿರುವ ಕಮಲಾ, ತಾನೇ ಎಂದು ಪತ್ರದಲ್ಲೂ ಜಗಳ ತೆಗೆಯುತ್ತಾಳೆ. ಅವಳದೇ ಸರಿಯಿರಬಹುದು. ಮರಿಗಳು ಹೊರಬಂದರೆ ದೊಡ್ಡವು ಅವನ್ನು ತಿನ್ನುತ್ತವೆಂದು ಓದಿದ್ದೆ. ಬೇರೆ ಇಡಬೇಕು ಎಂದೆ. ಅವ್ವನಿಗೆ ಅದು ಹೇಳಬೇಕಾದ ಮಾತೇ ಆಗಿರಲಿಲ್ಲ.

"ಗಬ್ಬಾದ ಕುರೀನ ಹಿಂಡಿನ್ಯಾಗ ಬಿಡತಾರೇನ? ಎದರಾಗ ಇಡತಿ?"

"ನಿನ್ನ ಉಪ್ಪಿನಕಾಯಿ ಬರಣಿ ಕೊಡು."

"ಮಾವಿನಕಾಯಿ ಐತಿ ಅದರಾಗ."

"ಇನ್ನೊಂದ?"

"ಅದರಾಗ ನಿಂಬಿಕಾಯಿ." ಬರಣಿಯ ಮುಚ್ಚಳ ತೆಗೆದು ಇಣುಕಿ, "ನಿಂಬಿಕಾಯಿ ಈ ಸಲ ಅಷ್ಟ ಛಲೋ ಆಗಿಲ್ಲ," ಎಂದಳು.

ಆ ಚೀನಿ ಮಣ್ಣಿನ ಬರಣಿಯನ್ನು ಬೂದಿ ಹಚ್ಚಿ ತೊಳೆದು, ಕುದಿಸಿದ ನೀರಲ್ಲಿ ನೆನೆಸಿ, ಖಾರದ ವಾಸನೆ ಹೋದಮೇಲೆ ಕಡಲ ನೀರು ತುಂಬಿ ತಾಯಿ ಸಿಗಡಿಯನ್ನು ಬಿಟ್ಟೆವು. ಬಾಯಿಗೆ ತೆಳು ಬಟ್ಟೆ ಕಟ್ಟಿ ಅಡುಗೆಮನೆಯ ಮೂಲೆಯಲ್ಲಿಟ್ಟೆವು. ಗಾಳಿಗೆ ಅಲ್ಲಿಗೂ ಒಂದು ನಳಿಕೆ ಎಳೆದೆವು.

ಆಮೇಲೆ ಸಂಕ್ರಮಣ ಬಂತು. ಅಂದು ಹೊಳೆಗೆ, ಸಂಗಮಕ್ಕೆ, ಆದವರು ಕಡಲಿಗೆ ಹೋಗಿ ಮೀಯುವುದು ಪುಣ್ಯ. ಅಕ್ಕೋರ ಮನೆಯಲ್ಲಿ ಸಮುದ್ರವೇ ಬಂದು ಕೂತಿದೆ ಎಂಬ ಸುದ್ದಿ ಅಷ್ಟರಲ್ಲಿ ಓಣಿಯಿಂದ ಓಣಿಗೆ ಹಬ್ಬಿತ್ತು. ಕುಸುರೆಳ್ಳು ಕೊಡಲು ಬಂದ ಹೆಂಗಸರು ಹೋಗಲೇ ಇಲ್ಲ. ಇನ್ನಷ್ಟು ಹೆಂಗಸರು ಬಂದರು. ಕಡಲು ಕಂಡಿರದವರೇ ಎಲ್ಲ. ಬಾಗಿಲಲ್ಲಿ ನಿಂತು ನಾನು ಎಲ್ಲರಿಗೂ ಹೇಳಿದೆ: ನೋಡ್ರಿ, ಕೈ ಹಾಕಬ್ಯಾಡ್ರಿ, ಅರಿಷಿಣ ಕುಂಕುಮ ಹಾಕಬ್ಯಾಡ್ರಿ, ಹೂವು ಎಣ್ಣಿ ಏನೂ ಬೀಳಬಾರದು. ಬೇರೆ ಬಟ್ಟಲಿನಲ್ಲಿ ತೆಗೆದಿಟ್ಟಿದ್ದ ಸಮುದ್ರದ ನೀರನ್ನು ಅವ್ವ ತುಳಸಿ ಎಲೆಯಿಂದ ಬಂದವರ ತಲೆಗೆ ಚಿಮುಕಿಸಿದಳು. ಅವ್ವ ಅಂದು ಎಷ್ಟು ಬೀಗುತ್ತಿದ್ದಳೆಂದರೆ, ಹುಟ್ಟಾ ಕರಾವಳಿಯವಳಂತೆ ಬಂದವರಿಗೆಲ್ಲ ಅಲೆಗಳ ಬಗ್ಗೆ ವಿವರಿಸುತ್ತಿದ್ದಳು.

ಶಂಕರೆಪ್ಪನವರ ತಾಯಿಯೂ ಬಂದಿದ್ದರು. ಊರವರೆಲ್ಲ ಗೌರವ್ವ ಆಯಿ ಎನ್ನುತ್ತಿದ್ದ ಹಣ್ಣುಮುದುಕಿ. ಗಾಜಿಗೆ ಹಣೆ ತಾಗಿಸಿ ಬಹಳ ಹೊತ್ತು ನಿಂತರು. "ಗೋಕರ್ಣಕ್ಕ ಕರಕೊಂಡ ಹೊಕ್ಕೀನಿ ಅಂತ ನಮ್ಮ ಯಜಮಾನ್ರು ವರ್ಷಾ ಹೇಳತಿದ್ರು. ಆಗಲಿಲ್ಲ. ಇವತ್ತ ಅದ ಬಂತು ನೋಡು," ಎಂದು ಕಣ್ಣು ಒರೆಸಿಕೊಂಡರು.

ಎಲ್ಲರೂ ನನ್ನ ಮಾತು ಪಾಲಿಸಿದರು. ಒಬ್ಬರೂ ಕೈ ಹಾಕಲಿಲ್ಲ, ಹೂವು ಹಾಕಲಿಲ್ಲ.

ಮರುದಿನ ಸಿಗಡಿಗಳು ಮಂಕಾದವು. ಆಮೇಲೆ ಒಂದೊಂದಾಗಿ ಪಕ್ಕಕ್ಕೆ ಬಿದ್ದು ಕಾಲು ಆಡಿಸುತ್ತ ಹಾಗೇ ನಿಂತುಹೋದವು. ಪಾರದರ್ಶಕ ಮೈ ಬೆಂದ ಅನ್ನದಂತೆ ಬೆಳ್ಳಗಾಯಿತು. ಅರ್ಚಿನ್‌ಗಳ ಮುಳ್ಳು ಬಾಗಿ ಉದುರತೊಡಗಿದವು. ಲ್ಯಾಕ್ಟೋಮೀಟರ್ ಹಾಕಿದೆ, ಉಪ್ಪು ಸರಿಯಿತ್ತು. ಗಾಳಿ ಸರಿಯಿತ್ತು. ಸೊಪ್ಪು ತೆಗೆದೆ, ಅರ್ಧ ನೀರು ಬದಲಿಸಿದೆ. ಏನೂ ಆಗಲಿಲ್ಲ. ದಿನಚರಿಯಲ್ಲಿ ಅಂದಿನ ಪುಟದಲ್ಲಿ "ಎಲ್ಲ ಸತ್ತವು" ಎಂದಷ್ಟೇ ಇದೆ.

ತೊಟ್ಟಿ ಖಾಲಿ ಮಾಡಿ ಮರಳನ್ನು ಬೊಗಸೆಯಲ್ಲಿ ಎತ್ತಿದಾಗ ಏನೋ ಕೈಗೆ ತಾಗಿತು. ನಡುವೆ ತೂತಿರುವ ಹಳೆಯ ದುಡ್ಡು. ಕೆದಕಿದಂತೆ ಇನ್ನೊಂದು, ಮತ್ತೊಂದು. ಹೊಸ ಪೈಸೆಗಳೂ ಇದ್ದವು. ಅಂಚಿನಲ್ಲಿ ಹಸಿರು ಕಿಲುಬು ಹಿಡಿದಿತ್ತು. ಎಲ್ಲ ತಾಮ್ರದವು. ತಾಮ್ರದ ಒಂದು ಚೂರು ಕರಗಿದರೂ ಸಿಗಡಿ, ಅರ್ಚಿನ್‌ಗಳಿಗೆ ಅದು ವಿಷ ಎಂದು ನಾನು ಓದಿದ್ದೆ. ಯಾರೂ ಹೊಳೆಯನ್ನು ಬರಿಗೈಯಲ್ಲಿ ದಾಟದ ಊರು ನಮ್ಮದು. ಘಟಪ್ರಭೆಯ ಸೇತುವೆ ಮೇಲೆ ಬಸ್ಸು ಬಂದರೆ ಕಿಟಕಿಗಳಿಂದ ದುಡ್ಡು ಹಾರುತ್ತವೆ. ಆ ಹೊಳೆಗಳೆಲ್ಲ ಹೋಗಿ ಸೇರುವ ಸಮುದ್ರವೇ ಎದುರಿಗೆ ಬಂದಾಗ ಕಾಣಿಕೆ ಹಾಕದೆ ಯಾರು ಹೋಗುತ್ತಾರೆ? ಅದನ್ನು ಹಾಕಬೇಡಿರೆಂದು ನಾನು ಹೇಳಿರಲಿಲ್ಲ. ಹೇಳಬೇಕೆಂದು ತೋಚಿರಲೂ ಇಲ್ಲ.

ಅವ್ವ ಹಿಂದೆ ಬಂದು ನಿಂತಿದ್ದಳು. ಬೊಗಸೆ ನೋಡಿದಳು.

"ಅದರಾಗ ನಂದೂ ಒಂದೈತಿ," ಎಂದಳು.

"ನಿಂದೂ?"

"ನಿನ್ನ ಕ್ಲಾಸ್ ಆಗ್ಲಿ ಅಂತ ಬೇಡಕೊಂಡು ಹಾಕಿದ್ನಿ."

ಆಗ ನಾನೇನು ಮಾಡಿದೆ? ಜೋರಾಗಿ ಅತ್ತೆನೆಂದು ನನ್ನ ನೆನಪು. ನಕ್ಕೆನೆಂದು ಅವ್ವ ಸಾಯುವವರೆಗೂ ಹೇಳುತ್ತಿದ್ದಳು, "ಹುಚ್ಚರಂಗ ನಕ್ಕಳು, ನನಗ ಹೆದರಿಕಿ ಆತು" ಎಂದು. ಎರಡೂ ಆಗಿರಬಹುದು.

ಉಳಿದದ್ದು ಅಡುಗೆಮನೆಯ ಬರಣಿಯೊಂದೇ. ಅದರ ಬಳಿಗೆ ಯಾರೂ ಹೋಗಿರಲಿಲ್ಲ. ಅಲ್ಲಿ ತಾಯಿ ಸಿಗಡಿ ಬದುಕಿತ್ತು, ತತ್ತಿಗಳಲ್ಲಿ ಕರಿ ಕಣ್ಣುಗಳು ಮೂಡಿದ್ದವು. ಒಂದು ಬೆಳಿಗ್ಗೆ ಅದರ ಹೊಟ್ಟೆ ಬರಿದಾಗಿತ್ತು. ಬಿಳಿಯ ಬರಣಿಯಲ್ಲಿ ಮರಿಗಳು ಕಾಣವು. ಕಮಲಾ ಬ್ಯಾಟರಿ ತಂದು ಬರಣಿಯ ಒಂದು ಪಕ್ಕಕ್ಕೆ ಬೆಳಕು ಬಿಟ್ಟಳು. ಬಿಸಿಲುಕೋಲಿನಲ್ಲಿ ಧೂಳು ಕುಣಿದಂತೆ ಅವು ಬೆಳಕಿನತ್ತ ಬಂದು ಕೂಡಿದವು. ತಲೆ ಕೆಳಗೆ, ಬಾಲ ಮೇಲೆ, ಎಲ್ಲವೂ ಅಡಿಮೇಲಾಗಿ ಈಜುತ್ತಿದ್ದವು.

ತಾಯಿಯನ್ನು ಬೇರೆ ತೆಗೆದೆವು. ಮರಿಗಳಿಗೆ ಏನು ಉಣಿಸಬೇಕೆಂಬುದೇ ದೊಡ್ಡ ಚಿಂತೆ. ಬೇಯಿಸಿದ ಕೋಳಿ ತತ್ತಿಯ ಹಳದಿಯನ್ನು ಬಟ್ಟೆಯಲ್ಲಿ ಸೋಸಿ ಹಾಕಿದರೆ ಕೆಲವು ತಿಂದವು, ಆದರೆ ನೀರು ನಾರಿ ಬಹಳಷ್ಟು ಸತ್ತವು. ಮಾಮಾ ತಂದ ಹೊಸ ನೀರನ್ನು ಸೀಸೆಗಳಲ್ಲಿ ಬಿಸಿಲಿಗಿಟ್ಟೆ. ಅದು ನಿಧಾನ ಹಸಿರಾಯಿತು, ಹಸಿರಿನಲ್ಲಿ ಕಣ್ಣಿಗೆ ಕಾಣದ ಜೀವಗಳು ಹೆಚ್ಚಿದವು. ಆ ನೀರನ್ನು ದಿನವೂ ಒಂದು ಲೋಟ, ಅದೂ ಗಾಜಿನ ಲೋಟದಲ್ಲಿ, ಬರಣಿಗೆ ಸುರಿದೆ. ಸಾವು ಕಡಿಮೆಯಾಯಿತು.

ತಾಮ್ರದ ಸುದ್ದಿ ಹೇಗೋ ಗೌರವ್ವ ಆಯಿಗೆ ಮುಟ್ಟಿತು. ಒಂದು ಮಧ್ಯಾಹ್ನ ಕೋಲೂರಿಕೊಂಡು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂತರು.

"ನನ್ನ ದುಡ್ಡಿನ್ಲೆ ಸತ್ತೂವಂತ?"

"ಎಲ್ಲಾರದೂ ಇತ್ರಿ ಆಯಿ. ನಮ್ಮವ್ವಂದೂ ಇತ್ತು."

"ಇರ್ಲಿ. ನಂದು ತೂತಿನ ದುಡ್ಡು, ತೂಕ ಕಡಿಮಿ," ಎಂದರು ಬಹಳ ಗಂಭೀರವಾಗಿ. "ಈಗ ನಾ ಏನ್ ಮಾಡ್ಲಿ ಹೇಳು."

ಮಾಡುವುದೇನೂ ಇರಲಿಲ್ಲ. ಆದರೂ ಅವರು ದಿನವೂ ಬಂದರು. ಅವ್ವನ ಜೊತೆ ಕೂತು ಜೋಳ ಹಸನ ಮಾಡುತ್ತ, ಬರಣಿಯ ಬಳಿ ಬಂದವರನ್ನೆಲ್ಲ ತಡೆದು, "ಉಡ್ಯಾಗ ದುಡ್ಡ ಐತೇನು? ಹೊರಗ ಇಟ್ಟು ಬಾ," ಎಂದು ತಪಾಸಣೆ ಮಾಡಿದರು. ಕಮಲಾ ಬ್ಯಾಟರಿ ಹಿಡಿದಾಗ ಬಗ್ಗಿ ನೋಡುತ್ತಿದ್ದರು. ಮೊದಮೊದಲು ಅವರಿಗೆ ಏನೂ ಕಾಣುತ್ತಿರಲಿಲ್ಲ. ಒಂದು ದಿನ, "ಹೂಂ, ಧೂಳು ಹೊಂಟೈತಿ," ಎಂದರು. ಆಮೇಲೆ, "ಧೂಳಿಗೆ ಕಣ್ಣ ಬಂದೂವು," ಎಂದರು.

ಮರಿಗಳು ದಿನೇ ದಿನೇ ಕಡಿಮೆಯಾಗುತ್ತಿದ್ದವು, ಉಳಿದವು ದೊಡ್ಡವಾಗುತ್ತಿದ್ದವು. ಆದರೆ ಅಡಿಮೇಲಾಗಿ ಈಜುತ್ತಿರುವಷ್ಟು ದಿನ ಅವು ಇನ್ನೂ ಮರಿಹುಳುಗಳೇ, ಸಿಗಡಿಗಳಲ್ಲ. ಹೋಳಿ ಹತ್ತಿರ ಬಂದಿತ್ತು. ಹುಡುಗರು ಕಟ್ಟಿಗೆ ಕುಳ್ಳು ಕೂಡಿಹಾಕತೊಡಗಿದ್ದರು. ಬಿಸಿಲು ಚುರುಕಾಗಿ, ಬರಣಿಯ ಸುತ್ತ ಹಸಿ ಗೋಣಿ ಸುತ್ತಬೇಕಾಯಿತು. ಆ ದಿನಗಳಲ್ಲಿ ನನಗೆ ಪಾಠದ ಮೇಲೆ ಲಕ್ಷ್ಯವಿರಲಿಲ್ಲ. ಕಮಲಾ ಬರಣಿ ನೋಡಿ, ಪಂಪು ಒತ್ತಿ ಹೋಗುತ್ತಿದ್ದಳು. ಕ್ಲಾಸ್ ಸಿಗುತ್ತದೆಯೇ ಎಂದು ಕೇಳಿಬಿಟ್ಟಾಳೆಂದು ನಾನು ಆ ಹೊತ್ತಿಗೆ ಅಂಗಳ ಸೇರುತ್ತಿದ್ದೆ.

ಒಂದು ಬೆಳಿಗ್ಗೆ ಅವ್ವ ಒಲೆ ಹಚ್ಚಲು ಎದ್ದವಳು ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. "ಒಂದ್ ಕೆಳಗ ಕುಂತೈತಿ, ನೋಡ ಬಾ." ಬರಣಿಯ ತಳದಲ್ಲಿ, ಅಕ್ಕಿಕಾಳಿಗಿಂತ ಸಣ್ಣದೊಂದು ಸಿಗಡಿ, ಬೆನ್ನು ಮೇಲೆ, ಕಾಲು ಕೆಳಗೆ, ನೆಲದ ಮೇಲೆ ನಡೆಯುತ್ತಿತ್ತು. ನಾವು ನೋಡುತ್ತಿದ್ದಂತೆಯೇ ಎದ್ದು, ದೊಡ್ಡವರಂತೆ ಮುಂದೆ ಮುಖ ಮಾಡಿ ಈಜಿ, ಮತ್ತೆ ಇಳಿಯಿತು. ಮರುದಿನ ಇನ್ನೆರಡು. ಕೊನೆಗೆ ಬೆರಳಲ್ಲಿ ಎಣಿಸುವಷ್ಟು ಉಳಿದವು, ಆದರೆ ಎಲ್ಲ ನೆಟ್ಟಗೆ ನಡೆಯುವವು. ಕಡಲನ್ನೇ ಕಾಣದ ಸಿಗಡಿಗಳು. ಅವುಗಳ ಹುಟ್ಟೂರು ಯಾವುದೆಂದು ಕೇಳಿದರೆ ಗೋಕಾಕವೆಂದೇ ಹೇಳಬೇಕು.

ಹುಣ್ಣಿಮೆಗೆ ಕಮಿಟಿ ಬಂತು. ಶಂಕರೆಪ್ಪನವರು, ಇನ್ನಿಬ್ಬರು ಸದಸ್ಯರು. ಮರಿಗಳನ್ನು ದೊಡ್ಡ ಗಾಜಿನ ಲೋಟಕ್ಕೆ ಹಾಕಿ ಕಿಟಕಿಯ ಬೆಳಕಿಗೆ ಹಿಡಿದೆ. ಶಂಕರೆಪ್ಪನವರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಛಂದ ಅದಾವ. ಆದ್ರ ಅಕ್ಕೋರ, ಇವು ಇಲ್ಲೇ ಹುಟ್ಟಿದ್ದು ಅನ್ನಾಕ ಸಾಕ್ಷಿ ಏನು? ನಿಮ್ಮ ಮಾಮಾನ ಲಾರಿ ಮೊನ್ನೇನ ಬಂದು ಹೋಗೈತಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯ ಕಡೆಯಿಂದ ದನಿ ಬಂತು. ಗೌರವ್ವ ಆಯಿ ಅಲ್ಲಿ ಎಂದಿನಂತೆ ಕೂತಿದ್ದರು. ಮಗನಿಗೆ ಅದು ಗೊತ್ತಿರಲಿಲ್ಲ.

"ಶಂಕರಾ, ನೀ ಹುಟ್ಟಿದ್ದಕ್ಕ ಸಾಕ್ಷಿ ಯಾರು?"

"ಯವ್ವಾ, ನೀ ಇಲ್ಲಿ?"

"ಹೇಳು, ಯಾರು?"

"ನೀನ," ಎಂದರು ಶಂಕರೆಪ್ಪನವರು.

"ಇವಕ್ಕೂ ನಾನ. ಧೂಳಿನಂಗ ಇದ್ದಾಗಿಂದ ನೋಡೀನಿ. ಇಕಿ ಅವ್ವನೂ ನಾನೂ ಕೂಡಿ ಬಾಣಂತನ ಮಾಡೀವಿ. ಇನ್ನೊಬ್ರನ್ನ ಕೇಳೂದಿದ್ರ ಕೇಳು."

ಸದಸ್ಯರೊಬ್ಬರು ನಕ್ಕರು, ನಗಬಾರದಿತ್ತೇನೋ ಎಂದು ಕೆಮ್ಮಿದರು. ಶಂಕರೆಪ್ಪನವರು ಇನ್ನೊಮ್ಮೆ ಲೋಟಕ್ಕೆ ಬಗ್ಗಿ ಬಹಳ ಹೊತ್ತು ನೋಡಿದರು. ಮರಿಗಳ ಗುಂಡಿಗೆ ಬಡಿಯುವುದು ಅವರಿಗೆ ಕಂಡಿತೆಂದು ನಾನು ಅಂದುಕೊಂಡಿದ್ದೇನೆ. ವರ್ಷಗಳಿಂದ ಈ ಮನುಷ್ಯನನ್ನು ನನ್ನ ನೆನಪು ನಿಜಕ್ಕಿಂತ ಕಠಿಣ ಮಾಡಿಟ್ಟಿದೆ ಎಂಬ ಸಂಶಯ ನನಗಿದೆ. ಏಕೆಂದರೆ ಅಂದು ಅವರು ಹೇಳಿದ್ದು ಇಷ್ಟೇ: "ಹೊಲಿಗಿ ಮಶೀನ್ ಸಾಲಿ ಪಡಸಾಲ್ಯಾಗ ಹಾಕೂಣ. ಖೋಲಿ ನಿಮಗ ಇರ್ಲಿ. ಭೂತಗನ್ನಡಿ ಎಷ್ಟ ಬೇಕು, ಬರದ ಕೊಡ್ರಿ."

ಜೂನಿನಲ್ಲಿ ತರಗತಿ ತೆರೆಯಿತು. ಮಳೆ ಹಿಡಿಯುವ ಮೊದಲಿನ ಕೊನೆಯ ಸರತಿಗೆ ಮಾಮಾ ಹೊಸ ಅರ್ಚಿನ್‌ಗಳನ್ನು ತಂದುಕೊಟ್ಟಿದ್ದ. ಮೊದಲ ಪಾಠಕ್ಕೆ ಅವನ್ನೇ ಒಯ್ದೆ. ಹೆಣ್ಣನ್ನು ನೀರು ತುಂಬಿದ ಲೋಟದ ಬಾಯಿಯ ಮೇಲೆ ಬೋರಲು ಕೂಡಿಸಿದಾಗ, ಅದರ ಮೈಯಿಂದ ಹಳದಿ ನೂಲುಗಳಂತೆ ತತ್ತಿಗಳು ಇಳಿದು ತಳದಲ್ಲಿ ಹರಡಿದವು. ಗಂಡಿನದು ಹಾಲಿನ ಹನಿಯಂತೆ. ಎರಡನ್ನೂ ಕೂಡಿಸಿ, ಗಾಜಿನ ಮೇಲೆ ಒಂದು ಹನಿ ಇಟ್ಟು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದೆ. ಮೊದಲು ಎಲ್ಲರೂ ಒಂದೊಂದು ಸಲ ನೋಡಿದರು. ದುಂಡಗೆ ಇದೆ, ಅಷ್ಟೇ ಎಂದರು. ಕಾಯಿರಿ ಎಂದೆ. ಹೊರಗೆ ಸಣ್ಣ ಮಳೆ ಹಿಡಿದಿತ್ತು. ಮತ್ತೆ ಸರದಿ ಬಂದು ಕಮಲಾ ಕಣ್ಣಿಟ್ಟಳು, ಕಣ್ಣು ತೆಗೆಯಲಿಲ್ಲ.

"ಅಕ್ಕೋರ, ನಡಕ ಗೆರಿ ಬೀಳಾಕತ್ತೈತ್ರಿ."

ಹಿಂದಿನವಳು ಅವಳ ಜಡೆ ಜಗ್ಗಿದಳು. "ಸರೀ ಅತ್ಲಾಗ, ನಾ ನೋಡತೀನಿ."

"ತಡಿ. ಎರಡಾತು. ಬಾಜೂದ್ದೂ ಆಗಾಕತ್ತೈತಿ."

ಗಂಟೆ ಬಾರಿಸಿತು. ಯಾರೂ ಅಲುಗಲಿಲ್ಲ. ಮುಂದಿನ ತಾಸು ಹಿಂದಿಯದು. ಹಿಂದಿ ಮಾಸ್ತರರು ಪುಸ್ತಕ ಬಗಲಿಗಿಟ್ಟುಕೊಂಡು ಬಾಗಿಲಿಗೆ ಬಂದು, ಬೆಂಚು ಬಿಟ್ಟು ಗುಂಪುಗಟ್ಟಿ ನಿಂತ ಹುಡುಗಿಯರನ್ನು ನೋಡಿದರು.

"ಈಗ ಯಾರ ತಾಸು ಇದು?" ಎಂದು ಕೇಳಿದರು.

ಸೂಕ್ಷ್ಮದರ್ಶಕದಿಂದ ಕಣ್ಣೆತ್ತದೆ ಕಮಲಾ ಹೇಳಿದಳು: "ನಮ್ಮದ್ರಿ ಸರ."